ನಾಯಿ ಕಚ್ಚಿದ ದಿನ ಕೇಳಬೇಕಾದ ಪ್ರಶ್ನೆ



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ವಚನ, ಜನಪದ, ಶಾಸನಗಳ ಬಗ್ಗೆ ಬಲ್ಲವರು ಮಾತನಾಡುತ್ತಾರೆ. ಈ ಸಲ ನಿವೃತ್ತ ಪಶುವೈದ್ಯನೊಬ್ಬನನ್ನು ಕರೆದಿದ್ದೀರಿ. ವಿಷಯವನ್ನೂ ನೀವೇ ಕೊಟ್ಟಿದ್ದೀರಿ: ಪ್ರಾಣಿ ಕಚ್ಚಿದ ಮೇಲೆ ರೇಬೀಸ್ ಬರುವ ಅಪಾಯ. ನಾನು ದನಕರು, ನಾಯಿ, ಕುರಿಗಳ ಡಾಕ್ಟರು. ಮನುಷ್ಯರಿಗೆ ಚಿಕಿತ್ಸೆ ಕೊಡುವವನಲ್ಲ. ಆದರೆ ಈ ರೋಗ ಮನುಷ್ಯರನ್ನು ಮುಟ್ಟುವ ಮೊದಲು ನಮ್ಮ ಕೊಟ್ಟಿಗೆ, ಬೀದಿಗಳಲ್ಲೇ ಓಡಾಡುತ್ತಿರುತ್ತದೆ. ಹಾಗಾಗಿ ಅದನ್ನು ಮೊದಲು ಕಾಣುವವರು ಅನೇಕ ಸಲ ನಾವೇ.

ನಾಯಿ ಕಚ್ಚಿತು ಎಂದು ಯಾರಾದರೂ ಕಾಲು ಹಿಡಿದುಕೊಂಡು ಮನೆಗೆ ಬಂದರೆ ನಮ್ಮ ಕಡೆ ಏಳುವ ಮೊದಲ ಪ್ರಶ್ನೆ, ‘ಯಾರ ಮನೆ ನಾಯಿ?’ ಎರಡನೆಯದು, ‘ಹುಚ್ಚು ಹಿಡಿದಿತ್ತಾ?’ ಮೂರನೆಯದು, ಮಕ್ಕಳಾದರೆ ತಪ್ಪದೆ ಬರುವಂಥದ್ದು, ‘ನೀನೇನು ಮಾಡಿದೆ ಅದಕ್ಕೆ?’ ಆಮೇಲೆ ಮನೆಯವರೆಲ್ಲ ನಾಯಿಯನ್ನು ಹುಡುಕಿಕೊಂಡು ಹೊರಡುತ್ತಾರೆ. ನಾಯಿ ಎಲ್ಲೋ ಅಂಗಡಿ ಮುಂದೆ ಬಾಲ ಅಲ್ಲಾಡಿಸುತ್ತ ಬ್ರೆಡ್ಡು ತಿನ್ನುತ್ತಿದ್ದರೆ ಸಮಾಧಾನವಾಗಿ ವಾಪಸು ಬರುತ್ತಾರೆ. ಗಾಯಕ್ಕೆ ಅರಿಸಿನ ಬೀಳುತ್ತದೆ. ಹೆಚ್ಚೆಂದರೆ ಒಂದು ಟಿ.ಟಿ. ಇಂಜೆಕ್ಷನ್. ಟಿ.ಟಿ. ಕೊಡುವುದು ಧನುರ್ವಾಯು ಬಾರದಿರಲೆಂದು. ರೇಬೀಸಿಗೂ ಅದಕ್ಕೂ ಸಂಬಂಧವಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಮೂರೂ ಪ್ರಶ್ನೆಗಳು ಆಮೇಲಿನವು. ಮೊದಲು ಕೇಳಬೇಕಾದದ್ದು, ‘ಚರ್ಮ ಒಡೆದಿದೆಯೇ? ಎಲ್ಲಿ?’ ಎಂದು.

ಹುಚ್ಚು ಹಿಡಿದ ನಾಯಿ ಎಂದರೆ ನಮ್ಮ ಕಣ್ಣ ಮುಂದೆ ಜೊಲ್ಲು ಸುರಿಸುತ್ತ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತ, ಗೊತ್ತುಗುರಿಯಿಲ್ಲದೆ ಓಡುವ ನಾಯಿ ಬರುತ್ತದೆ. ಅಂಥವೂ ಇವೆ. ಆದರೆ ನಾನು ಕಂಡ ರೇಬೀಸ್ ನಾಯಿಗಳಲ್ಲಿ ಅನೇಕವು ಮೂಲೆ ಹಿಡಿದು ಕತ್ತಲಲ್ಲಿ ಕೂತಿದ್ದವು. ಕೆಳದವಡೆ ಜೋತುಬಿದ್ದು, ಯಾರನ್ನೂ ಕಚ್ಚಲಾಗದೆ, ನೀರು ನುಂಗಲಾಗದೆ ಇದ್ದವು. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ಅವುಗಳ ಬಾಯಿಗೆ ಕೈ ಹಾಕಿದವರೂ ಇದ್ದಾರೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ರೋಗದ ಲಕ್ಷಣ ಕಾಣುವ ಕೆಲವು ದಿನಗಳ ಮುಂಚೆಯೇ ನಾಯಿಯ ಜೊಲ್ಲಿನಲ್ಲಿ ವೈರಸ್ ಇಳಿಯಲು ಶುರುವಾಗಿರುತ್ತದೆ. ಬಾಲ ಅಲ್ಲಾಡಿಸುವ ನಾಯಿಯೂ ಆ ದಿನಗಳಲ್ಲಿ ರೋಗ ಕೊಡಬಲ್ಲದು.

‘ಹತ್ತು ದಿನ ನಾಯಿಯನ್ನು ನೋಡಿ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಜೊಲ್ಲಿನಲ್ಲಿ ವೈರಸ್ ಬಂದ ನಾಯಿಯಾಗಲಿ ಬೆಕ್ಕಾಗಲಿ ಹತ್ತು ದಿನದೊಳಗೆ ಕಾಯಿಲೆ ತೋರಿಸಿ ಸಾಯುತ್ತದೆ. ಹತ್ತು ದಿನದ ನಂತರವೂ ಅದು ಚೆನ್ನಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲವೆಂದು ಹೇಳಬಹುದು. ಆದರೆ ನಮ್ಮ ಜನ ಈ ನಿಯಮವನ್ನು ತಲೆಕೆಳಗೆ ಮಾಡಿಕೊಂಡಿದ್ದಾರೆ. ಹತ್ತು ದಿನ ನೋಡಿ ಆಮೇಲೆ ಚುಚ್ಚಿಸಿಕೊಳ್ಳೋಣ ಎನ್ನುತ್ತಾರೆ. ನಿಯಮ ಹೇಳುವುದು ಮೊದಲ ದಿನವೇ ಚಿಕಿತ್ಸೆ ಶುರುಮಾಡಿ, ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ವೈದ್ಯರು ಉಳಿದ ಡೋಸುಗಳನ್ನು ನಿಲ್ಲಿಸಬಹುದು ಎಂದು. ಕಟ್ಟಿಹಾಕಿ ನೋಡಬಹುದಾದ ನಾಯಿ ಬೆಕ್ಕುಗಳಿಗೆ ಮಾತ್ರ ಇದು ಅನ್ವಯ. ಕೋತಿಗೆ, ನರಿಗೆ, ಮುಂಗುಸಿಗೆ ಹತ್ತು ದಿನದ ಲೆಕ್ಕ ಇಲ್ಲ. ಬೀದಿಯಲ್ಲಿ ಕಚ್ಚಿ ಮಾಯವಾದ ನಾಯಿಗೂ ಇಲ್ಲ.

2025ರಲ್ಲಿ ಉತ್ತರ ಪ್ರದೇಶದ ಒಬ್ಬ ಯುವ ಕಬಡ್ಡಿ ಆಟಗಾರನ ಸುದ್ದಿ ನೀವೂ ಓದಿರಬಹುದು. ಚರಂಡಿಗೆ ಬಿದ್ದಿದ್ದ ನಾಯಿಮರಿಯನ್ನು ಮೇಲೆತ್ತುವಾಗ ಅದು ಬೆರಳಿಗೆ ಹಲ್ಲು ತಾಗಿಸಿತು. ಸಣ್ಣ ಗಾಯ. ಮರಿ ತಾನೆ ಎಂದು ಬಿಟ್ಟರು. ಕೆಲವು ತಿಂಗಳ ನಂತರ ರೇಬೀಸ್ ಬಂದು ತೀರಿಕೊಂಡರು. ಮರಿಗೆ ರೋಗವಿರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲೂ ಬಲವಾಗಿದೆ. ತಾಯಿಯೋ ಇನ್ನೊಂದು ನಾಯಿಯೋ ಕಚ್ಚಿದ್ದರೆ ಮರಿಗೂ ರೋಗ ಬರುತ್ತದೆ. ಮರಿಗಳನ್ನು ಎತ್ತಿ ಆಡಿಸುವವರು ಮಕ್ಕಳಾದ್ದರಿಂದ ಅಲ್ಲಿ ಅಪಾಯ ಇನ್ನೂ ಹೆಚ್ಚು.

ಗಾಯಕ್ಕೆ ಏಕೆ ಇಷ್ಟು ಮಹತ್ವ ಎಂಬುದು ತಿಳಿಯಬೇಕಾದರೆ ವೈರಸ್ ನಡೆಯುವ ದಾರಿ ಗೊತ್ತಿರಬೇಕು. ಹಾವಿನ ವಿಷ ರಕ್ತದಲ್ಲಿ ಹರಿಯುತ್ತದೆ. ಹೀಗಾಗಿ ನಾಯಿಯ ವಿಷವೂ ರಕ್ತಕ್ಕೆ ಇಳಿಯುತ್ತದೆ ಎಂದು ಜನ ಭಾವಿಸುತ್ತಾರೆ, ಗಾಯದ ಮೇಲೆ ಹಗ್ಗ ಬಿಗಿಯುತ್ತಾರೆ. ರೇಬೀಸ್ ವೈರಸ್ ರಕ್ತದ ದಾರಿ ಹಿಡಿಯುವುದಿಲ್ಲ. ಜೊಲ್ಲಿನ ಜೊತೆ ಗಾಯದೊಳಕ್ಕೆ ಹೋಗಿ, ಅಲ್ಲಿನ ಮಾಂಸಖಂಡದಲ್ಲಿ ಸ್ವಲ್ಪ ಕಾಲ ಉಳಿದು ಹೆಚ್ಚುತ್ತದೆ. ಆಮೇಲೆ ಅಲ್ಲಿರುವ ನರದ ತುದಿಯೊಳಗೆ ನುಗ್ಗಿ, ನರದೊಳಗೇ ನಿಧಾನವಾಗಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಏರುತ್ತದೆ. ನರದೊಳಗೆ ಸೇರಿಕೊಂಡ ಮೇಲೆ ದೇಹದ ರಕ್ಷಣಾ ವ್ಯವಸ್ಥೆಗೆ ಅದು ಕಾಣುವುದೇ ಇಲ್ಲವೆನ್ನಬೇಕು. ಜ್ವರವಿಲ್ಲ, ಬಾವಿಲ್ಲ, ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ. ಗಾಯ ಒಣಗಿ ಕಲೆಯೂ ಮಾಸಿರುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಹೀಗೆ ಕಳೆಯುತ್ತದೆ. ಒಂದು ವಾರದಲ್ಲೂ ಬರಬಹುದು, ವರ್ಷವೂ ಆಗಬಹುದು.

ಈ ದಾರಿ ತಿಳಿದ ಮೇಲೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಮುಖ, ತಲೆ, ಕತ್ತಿಗೆ ಕಚ್ಚಿದರೆ ಮಿದುಳಿಗೆ ದಾರಿ ಗಿಡ್ಡ. ಬೆರಳ ತುದಿಯಲ್ಲಿ ನರಗಳ ದಟ್ಟಣೆ ಹೆಚ್ಚು. ಅಲ್ಲಿನ ಗಾಯ ಎಷ್ಟೇ ಚಿಕ್ಕದಿದ್ದರೂ ಲಘುವಲ್ಲ. ಆಳದ ಗಾಯ, ಹಲವು ಗಾಯಗಳು ಎಂದರೆ ಹೆಚ್ಚು ವೈರಸ್. ಚಿಕ್ಕ ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಸಿಗುವುದು ಮುಖಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40 ಮಂದಿ ಹದಿನೈದು ವರ್ಷದೊಳಗಿನವರು.

ವೈರಸ್ ಗಾಯದಲ್ಲೇ ಇರುವ ಆ ಹೊತ್ತು ನಮ್ಮ ಕೈಯಲ್ಲಿರುವ ಹೊತ್ತು. ವೈರಸ್ಸಿನ ಹೊರಪೊರೆಯಲ್ಲಿ ಕೊಬ್ಬಿದೆ. ಸಾಮಾನ್ಯ ಬಟ್ಟೆ ಸೋಪಾದರೂ ಸರಿ, ಅದು ಆ ಕೊಬ್ಬನ್ನು ಕರಗಿಸಿ ವೈರಸ್ಸನ್ನು ಕೊಲ್ಲುತ್ತದೆ. ನಲ್ಲಿಯ ಕೆಳಗೆ, ಬೋರ್‌ವೆಲ್ ಪೈಪಿನ ಕೆಳಗೆ, ಏನೂ ಇಲ್ಲದಿದ್ದರೆ ಬಿಂದಿಗೆಯಿಂದ ಹೊಯ್ಯುತ್ತ, ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಷ್ಟು ದೀರ್ಘ ಎಂಬುದು ಗಡಿಯಾರ ಇಟ್ಟುಕೊಂಡು ತೊಳೆದರೆ ಗೊತ್ತಾಗುತ್ತದೆ. ಅನೇಕರು ಒಂದು ನಿಮಿಷಕ್ಕೇ ನಿಲ್ಲಿಸುತ್ತಾರೆ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಸುಣ್ಣ, ಖಾರದ ಪುಡಿ, ಸೀಮೆಎಣ್ಣೆ, ಕಾಫಿಪುಡಿ, ಬಿಸಿ ಮಾಡಿದ ಕಬ್ಬಿಣ ಇವೆಲ್ಲ ಗಾಯವನ್ನು ಕೆರಳಿಸುತ್ತವೆ, ನರದ ತುದಿಗಳನ್ನು ಇನ್ನಷ್ಟು ತೆರೆಯುತ್ತವೆ. ಹೊಲಿಗೆ ಹಾಕಲು ಅವಸರ ಬೇಡ. ಹಾಕಲೇಬೇಕಾದರೆ, ನಾನು ಮುಂದೆ ವಿವರಿಸುವ ಸೀರಂ ಕೊಟ್ಟ ಮೇಲೆ, ಸಡಿಲವಾಗಿ, ವೈದ್ಯರೇ ಹಾಕುತ್ತಾರೆ.

ಆಸ್ಪತ್ರೆಗಳಲ್ಲಿ ಗಾಯಗಳನ್ನು ಮೂರು ದರ್ಜೆಯಾಗಿ ನೋಡುತ್ತಾರೆ. ಪ್ರಾಣಿಯನ್ನು ಮುಟ್ಟಿದ್ದು, ಊಟ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲ ದರ್ಜೆ. ತೊಳೆದುಕೊಂಡರೆ ಸಾಕು. ರಕ್ತ ಬಾರದ ಪರಚು, ಬರಿ ಚರ್ಮಕ್ಕೆ ಹಲ್ಲು ತಾಗಿದ್ದು ಎರಡನೆಯದು, ಲಸಿಕೆ ಬೇಕು. ರಕ್ತ ಬಂದಿದ್ದರೆ, ಒಂದು ಹನಿಯಾದರೂ ಸರಿ, ಅದು ಮೂರನೆಯದು. ಮೊದಲೇ ಇದ್ದ ಗಾಯವನ್ನು ನೆಕ್ಕಿದ್ದರೆ, ಜೊಲ್ಲು ಕಣ್ಣಿಗೋ ಬಾಯಿಗೋ ಸಿಡಿದಿದ್ದರೆ ಅದೂ ಮೂರನೆಯದೇ. ಅಲ್ಲಿ ಲಸಿಕೆಯ ಜೊತೆ ಸೀರಂ ಬೇಕು.

ಈ ಸೀರಂ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಲಸಿಕೆ ಹಾಕಿಸಿಕೊಂಡ ಕೂಡಲೆ ರಕ್ಷಣೆ ಬರುವುದಿಲ್ಲ. ಲಸಿಕೆ ನಮ್ಮ ದೇಹಕ್ಕೆ ಪ್ರತಿಕಾಯ ತಯಾರಿಸಲು ಕಲಿಸುತ್ತದೆ. ಸಾಕಷ್ಟು ತಯಾರಾಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ವೈರಸ್ ನರದೊಳಗೆ ಸೇರಿಕೊಂಡರೆ? ಆ ನಡುವಿನ ದಿನಗಳಿಗೆ ಸಿದ್ಧ ಪ್ರತಿಕಾಯವನ್ನೇ ಗಾಯದೊಳಗೆ, ಸುತ್ತಲೂ ಚುಚ್ಚಿ ತುಂಬುತ್ತಾರೆ; ಅದೇ ಸೀರಂ. ಕುದುರೆಯ ರಕ್ತದಿಂದ ತೆಗೆದದ್ದಾದರೆ ದೇಹದ ತೂಕದ ಪ್ರತಿ ಕಿಲೋಗೆ 40 ಯೂನಿಟ್, ಮನುಷ್ಯರ ರಕ್ತದಿಂದಾದರೆ 20 ಯೂನಿಟ್ ಮಿತಿ. ಈಗ ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯಗಳೂ ನಮ್ಮ ದೇಶದಲ್ಲೇ ಸಿಗುತ್ತವೆ. ಮೊದಲ ದಿನ ಸಿಗದಿದ್ದರೆ ಮೊದಲ ಲಸಿಕೆಯಿಂದ ಏಳನೆಯ ದಿನದವರೆಗೂ ಕೊಡಬಹುದು. ಆಮೇಲೆ ಅದರಿಂದ ಉಪಯೋಗವಿಲ್ಲ.

ಕೇರಳದಲ್ಲಿ 2022ರಲ್ಲೂ 2025ರಲ್ಲೂ ಲಸಿಕೆ ಹಾಕಿಸಿಕೊಂಡಿದ್ದ ಮಕ್ಕಳು ರೇಬೀಸಿನಿಂದ ತೀರಿಕೊಂಡಾಗ ಲಸಿಕೆಯೇ ಸುಳ್ಳು ಎಂಬ ಮಾತು ಹಬ್ಬಿತು. ತಲೆ, ಮುಖದಂಥ ಜಾಗದ ಗಾಯಗಳಲ್ಲಿ ವೈರಸ್ಸಿಗೂ ಚಿಕಿತ್ಸೆಗೂ ನಡುವಿನ ಅಂತರ ಗಂಟೆಗಳ ಲೆಕ್ಕದ್ದು. ಅಲ್ಲಿ ತೊಳೆಯುವುದರಲ್ಲಿ, ಸೀರಂ ಪ್ರತಿ ಗಾಯಕ್ಕೂ ತಲುಪುವುದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಕಷ್ಟ. ಕೂದಲೊಳಗೆ ಅಡಗಿದ ಒಂದು ಹಲ್ಲಿನ ಗುರುತನ್ನು ಕಾಣದೆ ಬಿಡುವುದು ಸುಲಭ. ಲಸಿಕೆ ಸುಳ್ಳೆಂದು ಹೇಳಿ ಜನರನ್ನು ಆಸ್ಪತ್ರೆಯಿಂದ ದೂರ ಮಾಡುವವರು ಆ ಮಕ್ಕಳ ಸಾವಿಗೆ ಇನ್ನಷ್ಟು ಸಾವುಗಳನ್ನು ಸೇರಿಸುತ್ತಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸೀರಂ ದುಬಾರಿ, ಎಲ್ಲ ಕಡೆ ಎಲ್ಲ ಕಾಲಕ್ಕೂ ಸಿಗುವುದಿಲ್ಲ. ಹಿಂದೆ ಗಾಯಕ್ಕೆ ಹಾಕಿ ಮಿಕ್ಕಿದ್ದನ್ನು ಸೊಂಟಕ್ಕೋ ತೊಡೆಗೋ ಚುಚ್ಚುತ್ತಿದ್ದರು. ಶಿಮ್ಲಾದ ಸರ್ಕಾರಿ ವೈದ್ಯ ಡಾ. ಓಮೇಶ್ ಭಾರತಿ, ಕೊರತೆಯ ಕಾಲದಲ್ಲಿ, ಗಾಯಕ್ಕೆ ಬೇಕಾದಷ್ಟನ್ನು ಮಾತ್ರ ಹಾಕಿ ಉಳಿದದ್ದನ್ನು ಮತ್ತೊಬ್ಬರಿಗೆ ಬಳಸಿ ಫಲ ಕಂಡರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೀರಂ ಗಾಯದೊಳಗೆ, ಗಾಯದ ಸುತ್ತ ಹಾಕಿದರೆ ಸಾಕೆಂದಿತು. 2019ರಲ್ಲಿ ಡಾ. ಭಾರತಿಯವರಿಗೆ ಪದ್ಮಶ್ರೀ ಬಂತು. ಬಡವರ ಆಸ್ಪತ್ರೆಯ ಕೊರತೆಯೇ ಜಗತ್ತಿನ ನಿಯಮವನ್ನು ತಿದ್ದಿದ ಅಪರೂಪದ ಉದಾಹರಣೆ ಇದು.

ಇನ್ನು ಚುಚ್ಚುಮದ್ದಿನ ಭಯ. ನಮ್ಮ ತಲೆಮಾರಿನವರಿಗೆ ನಾಯಿ ಕಡಿತವೆಂದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಅದು ಸುಳ್ಳು ಕಥೆಯಲ್ಲ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್, ಆಲ್ಸೇಸ್ ಪ್ರಾಂತದಿಂದ ತಾಯಿಯ ಜೊತೆ ಬಂದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಒಣಗಿಸಿದ ಮೊಲದ ಬೆನ್ನುಹುರಿಯಿಂದ ಮಾಡಿದ ಲಸಿಕೆ ಕೊಡಿಸಿದರು. ಪಾಶ್ಚರ್ ವೈದ್ಯರಲ್ಲವಾದ್ದರಿಂದ ಸೂಜಿ ಚುಚ್ಚಿದವರು ಇನ್ನೊಬ್ಬ ವೈದ್ಯರು. ಹುಡುಗ ಉಳಿದ. ನಮ್ಮಲ್ಲಿ 1900ರಲ್ಲಿ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. ದಕ್ಷಿಣದವರಿಗೆ ಅದು ಬಹು ದೂರ. 1902ರಲ್ಲಿ ಒಬ್ಬ ಇಂಗ್ಲಿಷ್ ಯುವತಿ ರೇಬೀಸಿನಿಂದ ಸತ್ತ ಮೇಲೆ, ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣದಿಂದ 1907ರಲ್ಲಿ ಕೂನೂರಿನ ಸಂಸ್ಥೆ ತೆರೆಯಿತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಪ್ರಾಣಿಗಳ ಮಿದುಳಿನಿಂದ ಮಾಡಿದ ಲಸಿಕೆಯೇ ಮುಂದೆ ದಶಕಗಳ ಕಾಲ ನಮ್ಮ ಹೊಟ್ಟೆಗೆ ಬಿದ್ದದ್ದು. ಲಕ್ಷಾಂತರ ಜನರನ್ನು ಉಳಿಸಿತು. ಕೆಲವರಿಗೆ ಪಾರ್ಶ್ವವಾಯುವಿನಂಥ ತೊಂದರೆಯನ್ನೂ ತಂದಿತು. 2004ರ ಕೊನೆಗೆ ಭಾರತ ಅದರ ತಯಾರಿಕೆಯನ್ನು ನಿಲ್ಲಿಸಿತು.

ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡೂ ತೋಳಿಗೆ ಚರ್ಮದ ಪದರದೊಳಗೆ 0.1 ಮಿ.ಲೀ.ನಂತೆ, 0, 3, 7, 28ನೆಯ ದಿನ ಹಾಕುತ್ತಾರೆ. ಮಾಂಸಖಂಡಕ್ಕೆ ಹಾಕುವುದಾದರೆ 14ನೆಯ ದಿನವೂ ಸೇರಿ ಐದು. ಸೊನ್ನೆಯ ದಿನ ಎಂದರೆ ಕಚ್ಚಿದ ದಿನವಲ್ಲ, ಮೊದಲ ಸೂಜಿ ಚುಚ್ಚಿದ ದಿನ. ಗರ್ಭಿಣಿಯರಿಗೂ ಬಾಣಂತಿಯರಿಗೂ ಕೂಸುಗಳಿಗೂ ಕೊಡಬಹುದು. ಬದನೆಕಾಯಿ, ಮಾಂಸ, ಮೊಟ್ಟೆ ಬಿಡಬೇಕೆಂಬ ಪಥ್ಯ ಇಲ್ಲ. ತಿಂಗಳು ಕಳೆದು ಹೋಯಿತು, ಇನ್ನೇನು ಎಂದು ಸುಮ್ಮನಾಗಬೇಡಿ; ರೋಗಲಕ್ಷಣ ಬಾರದಿರುವವರೆಗೂ ಶುರುಮಾಡಬಹುದು.

ನಾಟಿ ಔಷಧಿಯ ಬಗ್ಗೆ ಮಾತಾಡಿದರೆ ಕೆಲವರಿಗೆ ಬೇಸರವಾಗುತ್ತದೆ. ನಮ್ಮ ಅಜ್ಜನ ಕಾಲದಿಂದ ಇಂಥವರು ಸೊಪ್ಪಿನ ರಸ ಕೊಟ್ಟು ನೂರಾರು ಜನರನ್ನು ಉಳಿಸಿದ್ದಾರೆ ಎನ್ನುತ್ತೀರಿ. ಉಳಿದದ್ದು ನಿಜ. ಏಕೆಂದರೆ ಕಚ್ಚುವ ನಾಯಿಗಳಲ್ಲಿ ಬಹುಪಾಲಿಗೆ ರೇಬೀಸ್ ಇರುವುದಿಲ್ಲ. ರೇಬೀಸ್ ಇರುವ ನಾಯಿ ಕಚ್ಚಿದರೂ, ಅದರಲ್ಲೂ ಬಟ್ಟೆಯ ಮೇಲೆ ಕಾಲಿಗೆ ಕಚ್ಚಿದರೆ, ಎಲ್ಲರಿಗೂ ರೋಗ ಬರುವುದಿಲ್ಲ. ಏನೂ ಕೊಡದಿದ್ದರೂ ಉಳಿಯುತ್ತಿದ್ದವರ ಲೆಕ್ಕ ಔಷಧಿಯ ಖಾತೆಗೆ ಜಮೆಯಾಗಿದೆ. ಸತ್ತವರ ಲೆಕ್ಕ ಬರೆಯುವವರಿಲ್ಲ, ಏಕೆಂದರೆ ಮೂರು ತಿಂಗಳ ನಂತರ ಬಂದ ಸಾವನ್ನು ಯಾರೂ ನಾಯಿಯ ಜೊತೆ ಜೋಡಿಸುವುದಿಲ್ಲ. ಗಾಳಿ ಸೋಕಿತು ಎನ್ನುತ್ತಾರೆ. ನಮ್ಮ ಹಳೆಯ ವೈದ್ಯಶಾಸ್ತ್ರ ಈ ವಿಷಯದಲ್ಲಿ ನಾಟಿಯವರಿಗಿಂತ ಪ್ರಾಮಾಣಿಕವಾಗಿತ್ತು. ಸುಶ್ರುತ ಸಂಹಿತೆಯ ಕಲ್ಪಸ್ಥಾನ ಹುಚ್ಚುಪ್ರಾಣಿಯ ಕಡಿತವನ್ನು ವಿವರಿಸಿ, ನೀರು ಕಂಡು ಹೆದರುವ ಜಲತ್ರಾಸ ಕಾಣಿಸಿದವನು ಬದುಕುವುದಿಲ್ಲ ಎಂದು ಹೇಳಿಬಿಟ್ಟಿತು.

ಆ ಮಾತು ಇಂದಿಗೂ ಹೆಚ್ಚು ಬದಲಾಗಿಲ್ಲ. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಾವಲಿ ಕಚ್ಚಿದ್ದ ಹದಿನೈದರ ಹುಡುಗಿಯೊಬ್ಬಳು ಲಸಿಕೆಯಿಲ್ಲದೆಯೂ ಉಳಿದಳು. ಅದೇ ಚಿಕಿತ್ಸೆಯನ್ನು ಬೇರೆಯವರಿಗೆ ಕೊಟ್ಟಾಗ ಬಹುಪಾಲು ಫಲಿಸಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಾಖಲಿಸಿರುವ, ಉಳಿದ ಕೆಲವೇ ರೋಗಿಗಳಲ್ಲಿ ಹೆಚ್ಚಿನವರು ತೀವ್ರ ಅಂಗವೈಕಲ್ಯದೊಂದಿಗೆ ಉಳಿದವರು. ಎಲ್ಲ ರೋಗಿಗಳೂ ನೀರಿಗೆ ಹೆದರುವುದಿಲ್ಲ ಎಂಬುದೂ ಗೊತ್ತಿರಲಿ. ಐವರಲ್ಲೊಬ್ಬರಿಗೆ ಕೈಕಾಲು ಸೋತು ಮಲಗುವ ರೂಪದಲ್ಲಿ ಬರುತ್ತದೆ. ಬೇರೆ ಲಕ್ವವೆಂದು ತಪ್ಪು ತಿಳಿಯುವ ಸಂಭವ ಅಲ್ಲಿ ಜಾಸ್ತಿ.

ಈಗ ನನ್ನ ಕೊಟ್ಟಿಗೆಗೆ ಬರುತ್ತೇನೆ. ‘ಡಾಕ್ಟ್ರೇ, ಹಸು ಎರಡು ದಿನದಿಂದ ಮೇವು ಮುಟ್ಟಿಲ್ಲ, ಒಂದೇ ಸಮ ಕೂಗ್ತಾ ಇದೆ, ಗಂಟಲಲ್ಲಿ ಏನೋ ಸಿಕ್ಕೊಂಡಿರಬೇಕು’ ಎಂದು ರೈತರು ಬರುತ್ತಾರೆ. ದನಿ ಒಡೆದಿರುತ್ತದೆ. ಬಾಯಲ್ಲಿ ಎಳೆಎಳೆಯಾಗಿ ಜೊಲ್ಲು. ಸಗಣಿ ಹಾಕಲು ಮತ್ತೆ ಮತ್ತೆ ತಿಣುಕುತ್ತದೆ, ಹಿಂಗಾಲು ತೂರಾಡುತ್ತದೆ. ಅಷ್ಟರಲ್ಲಿ ಮನೆಯ ಯಜಮಾನರು ಅದರ ನಾಲಿಗೆ ಹಿಡಿದೆಳೆದು, ಮೊಣಕೈವರೆಗೆ ಬಾಯೊಳಗೆ ಕೈ ಹಾಕಿ ನೋಡಿಯಾಗಿರುತ್ತದೆ. ಗೊಟ್ಟದಲ್ಲಿ ಎಣ್ಣೆ ಹೊಯ್ದಿರುತ್ತಾರೆ. ಕೈಮೇಲೆ ಹುಲ್ಲು ಕೊಯ್ದ ಗಾಯ, ಹಸುವಿನ ಹಲ್ಲು ತರಚಿದ ಗಾಯ. ತಿಂಗಳ ಹಿಂದೆ ಹುಚ್ಚುನಾಯಿಯೊಂದು ಹಟ್ಟಿಗೆ ನುಗ್ಗಿದ್ದು ಆಮೇಲೆ ನೆನಪಾಗುತ್ತದೆ. ವಾರದೊಳಗೆ ಹಸು ಸಾಯುತ್ತದೆ. ಕೂಗಿ ಕೂಗಿ ಗಂಟಲು ಒಡೆದು ಜೊಲ್ಲು ಸುರಿಸುವ ದನದ ಬಾಯಿಗೆ ಕೈ ಹಾಕಬೇಡಿ. ಹಾಕಿದ್ದರೆ ತೊಳೆದು ಆಸ್ಪತ್ರೆಗೆ ಹೋಗಿ. ಅದನ್ನು ನಾಯಿ ಕಚ್ಚಿದ್ದಕ್ಕಿಂತ ಕಡಿಮೆ ಎಂದು ತಿಳಿಯಬೇಡಿ.

ಅದೇ ದಿನ ಊರಲ್ಲಿ ಇನ್ನೊಂದು ಗಾಬರಿ ಏಳುತ್ತದೆ. ಆ ಹಸುವಿನ ಹಾಲು ಕುಡಿದವರು, ಡೇರಿಯಲ್ಲಿ ಕೂಡಿದ ಹಾಲು ಕೊಂಡವರು, ಹಾಲಿನ ಪಾಯಸ ಉಂಡ ನೆಂಟರು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಸಾಲು ನಿಲ್ಲುತ್ತಾರೆ. ಹಾಲು ಕುಡಿದು ಮನುಷ್ಯರಿಗೆ ರೇಬೀಸ್ ಬಂದದ್ದು ದಾಖಲೆಯಲ್ಲಿ ಇಲ್ಲ. ಕಾಯಿಸಿದ ಹಾಲಿನಲ್ಲಿ ವೈರಸ್ ಬದುಕುವುದಿಲ್ಲ. ಕಾಯಿಲೆ ದನದ ಹಸಿ ಹಾಲು ಬಳಸಬಾರದು, ಅಷ್ಟೇ. ಬಾಯಿಗೆ ಕೈ ಹಾಕಿದ ಒಬ್ಬರು ಮನೆಯಲ್ಲಿ ಕೂತು, ಕಾಫಿ ಕುಡಿದ ಐವತ್ತು ಮಂದಿ ಲಸಿಕೆಯ ಸಾಲಿನಲ್ಲಿ ನಿಂತಿರುವುದನ್ನು ನಾನು ಕಂಡಿದ್ದೇನೆ. ಭಯವೂ ಸರಿಯಾದ ಕಡೆಗೆ ಹೋಗಬೇಕು.

ಇಲಿ, ಅಳಿಲು, ಮೊಲ ಕಚ್ಚಿದ್ದಕ್ಕೆ ರೇಬೀಸ್ ಲಸಿಕೆ ಬೇಕಾಗುವುದು ತೀರ ಅಪರೂಪ. ಬೆಕ್ಕು ಹಾಗಲ್ಲ, ಅದರ ಪರಚು ಚಿಕ್ಕದೆಂದು ಬಿಡುವ ಹಾಗಿಲ್ಲ.

ಅಂಕಿಸಂಖ್ಯೆ ಕೇಳುವವರಿಗಾಗಿ ಒಂದೆರಡು. ಬೆಂಗಳೂರಿನ ಕಿಮ್ಸ್‌ನ ಡಾ. ಎಂ.ಕೆ. ಸುದರ್ಶನ್ ಅವರ ನೇತೃತ್ವದಲ್ಲಿ 2003ರ ಸುಮಾರಿಗೆ ನಡೆದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ವರ್ಷಕ್ಕೆ 20,565 ರೇಬೀಸ್ ಸಾವುಗಳೆಂದು ಅಂದಾಜಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2022–23ರ ಸಮೀಕ್ಷೆಯ ಅಂದಾಜು 5,726. ಇಳಿದಿದೆ, ಸಂತೋಷ. ಆದರೆ ಅದೇ ಸಮೀಕ್ಷೆ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳಾಗುತ್ತವೆ, ನಾಯಿ ಕಚ್ಚಿದವರಲ್ಲಿ ಐವರಲ್ಲಿ ಒಬ್ಬರು ಒಂದು ಲಸಿಕೆಯನ್ನೂ ಹಾಕಿಸಿಕೊಂಡಿಲ್ಲ ಎಂದೂ ಹೇಳುತ್ತದೆ. ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯ ಅಂತರರಾಷ್ಟ್ರೀಯ ಮಾನ್ಯತೆಯದು. ಸಂಶಯದ ನಾಯಿಯನ್ನು ಸುಟ್ಟುಹಾಕುವ ಬದಲು ಪಶು ಇಲಾಖೆಗೆ ತಿಳಿಸಿದರೆ ಪರೀಕ್ಷೆಗೆ ದಾರಿಯಿದೆ.

ಬೀದಿನಾಯಿಗಳನ್ನು ಏನು ಮಾಡಬೇಕೆಂದು ನೀವು ಕೇಳಿಯೇ ಕೇಳುತ್ತೀರಿ. 2025ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋದ ಜಗಳ ಅದು. ನನ್ನ ಅಭಿಪ್ರಾಯ ಚಿಕ್ಕದು: ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಪ್ರತಿವರ್ಷ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. ನಮ್ಮ ಪಕ್ಕದ ಗೋವಾ ಈ ದಾರಿ ಹಿಡಿದು 2021ರಲ್ಲಿ ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡಿತು. ನಾಯಿ ಪ್ರೀತಿಸುವವರೂ ದ್ವೇಷಿಸುವವರೂ ವರ್ಷಕ್ಕೊಂದು ದಿನ ಲಸಿಕೆ ಶಿಬಿರಕ್ಕೆ ನಾಯಿ ಹಿಡಿದು ತಂದರೆ ಸಾಕು. ಜಗಳ ಉಳಿದ ದಿನಗಳಲ್ಲಿ ಆಡಬಹುದು.

ಕೊನೆಯದಾಗಿ ಶಿಕ್ಷಕರಲ್ಲಿ ಒಂದು ಕೋರಿಕೆ. ನಾಯಿ ಪರಚಿದ್ದನ್ನು ಮಕ್ಕಳು ಮನೆಯಲ್ಲಿ ಹೇಳುವುದಿಲ್ಲ. ಬೈಗುಳಕ್ಕೆ ಹೆದರುತ್ತಾರೆ, ಸೂಜಿಗೆ ಹೆದರುತ್ತಾರೆ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ತಿಂಗಳಿಗೊಮ್ಮೆಯಾದರೂ ಕೇಳಿ: ಯಾರಿಗಾದರೂ ನಾಯಿ, ಬೆಕ್ಕು, ಕೋತಿ ಕಚ್ಚಿದೆಯೇ, ಪರಚಿದೆಯೇ? ಹೇಳಿದ ಮಗುವನ್ನು ಬೈಯಬೇಡಿ. ಶಾಲೆಯ ನಲ್ಲಿಯ ಹತ್ತಿರ ಒಂದು ಸೋಪು ಇಡಿ, ಗಾಯ ತೊಳೆಸಿ, ಪೋಷಕರಿಗೆ ಫೋನು ಮಾಡಿ, ಅಂದೇ ಆಸ್ಪತ್ರೆಗೆ ಕಳಿಸಿ. ಪೋಷಕರು ಅಲ್ಲಿ ಕೇಳಬೇಕಾದ ಮಾತನ್ನೂ ಹೇಳಿಕೊಡಿ: ‘ಗಾಯದಲ್ಲಿ ರಕ್ತ ಬಂದಿದೆ, ಸೀರಂ ಇದೆಯೇ? ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ?’